ಷರಾ ಕಾಲಮ್ಮು

ಷರಾ ಎಂಬ ಕಾಲಮ್ಮಿನಲ್ಲಿ ಬರೆದ ವಾಕ್ಯ ಚೆನ್ನಾಗಿಯೇ ಬಂದಿತ್ತು. ‘ಸಾಕಷ್ಟು ಅವಕಾಶ ಕಲ್ಪಿಸಿದಾಗ್ಯೂ ಹೆಣ್ಣುಮಕ್ಕಳಲ್ಲಿ ನಿರಂತರ ಆಸಕ್ತಿ ಕಂಡುಬಂದಿರುವುದಿಲ್ಲ.’ ಬೆಳಗಿನ ಪ್ರಾರ್ಥನೆ ಮುಗಿದು ಮಕ್ಕಳು ಒಳಗೆ ಹೋದ ಮೇಲೆ ಬರೆದದ್ದು. ಆಮೇಲೆ ಒಂಬತ್ತನೇ ತರಗತಿಯ ಹಲಗೆಯ ಮೇಲೆ ತ್ರಿಭುಜ ಎಳೆಯುವಾಗ, ಬಿಸಿಯೂಟದ ಸಾಂಬಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಅಂಗೈಗೆ ಹಾಕಿಸಿಕೊಂಡು ನೋಡುವಾಗ, ಪ್ರಭಾರ ಮುಖ್ಯೋಪಾಧ್ಯಾಯನೆಂದು ಯಾರದೋ ವರ್ಗಾವಣೆ ಪತ್ರಕ್ಕೆ ಸಹಿ ಮಾಡುವಾಗ, ಅದು ನಾರಾಯಣಮೂರ್ತಿಯ ನಾಲಿಗೆಯ ತುದಿಗೆ ಬಂದು ಬಂದು ಹೋಗುತ್ತಿತ್ತು. ‘ಕಲ್ಪಿಸಿದಾಗ್ಯೂ’ ಎಂಬಲ್ಲಿ ಒಂದು ಗತ್ತಿತ್ತು. ಗಣಿತದ ಮೇಷ್ಟರಾದರೂ ವಾಕ್ಯ ಕಟ್ಟುವುದರಲ್ಲಿ ತಾನು ಕನ್ನಡದ ಮೇಷ್ಟರಿಗೆ ಕಡಿಮೆಯಿಲ್ಲ ಎನ್ನುವುದು ಅವನ ಹಳೆಯ ಹೆಮ್ಮೆ. ಆದರೆ ಇವತ್ತು ಆ ಹೆಮ್ಮೆಯ ಜೊತೆಗೆ ಇನ್ನೇನೋ ಒಂದು, ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ನಾರಿನ ಹಾಗೆ, ಬೆಳಗಿನಿಂದ ಕಾಡುತ್ತಲೇ ಇತ್ತು. ಫಾರಮ್ಮು ಹೊಸನಗರದ ಕಚೇರಿಯಿಂದ ಬಂದದ್ದು. ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ ಹತ್ತು ದಿನದ ಕೋಡಿಂಗ್ ಶಿಬಿರ. ಒಂದು ಶಾಲೆಯಿಂದ ಒಬ್ಬರೇ. ಅಲ್ಲಿ ಚೆನ್ನಾಗಿ ಮಾಡಿದವರಿಗೆ ಮುಂದಿನ ಎರಡು ವರ್ಷ ಲ್ಯಾಪ್‌ಟಾಪು, ಜೊತೆಗೆ ಕಲಿಸುವ ಜನ. ಹಳ್ಳಿಯ ಹೆಣ್ಣುಮಕ್ಕಳು ಕಂಪ್ಯೂಟರಿನಲ್ಲಿ ಹಿಂದೆ ಉಳಿದಿದ್ದಾರೆ, ಅವರನ್ನು ಮುಂದೆ ತರಬೇಕು ಎಂದೇ ಮಾಡಿದ್ದು. ಹುಡುಗಿ ಸಿಗದಿದ್ದರೆ ಮಾತ್ರ ಹುಡುಗನನ್ನು ಕಳಿಸಬಹುದು, ಕಾರಣವನ್ನು ಷರಾದಲ್ಲಿ ಬರೆಯಬೇಕು. ಅವನು ಆತ್ರೇಯ ಎಂಬ ಹುಡುಗನ ಹೆಸರು ಬರೆದು ಕಾರಣವನ್ನೂ ಬರೆದಿದ್ದ. ಸಂಜೆ ಐದರೊಳಗೆ ಇ-ಮೇಲ್‌ನಲ್ಲಿ ಕಳಿಸಬೇಕಿತ್ತು.

ಅನ್ಯಾಯ ಮಾಡುತ್ತಿದ್ದೇನೆ ಎಂದು ಅವನಿಗೆ ಅನ್ನಿಸಿರಲಿಲ್ಲ. ಜುಲೈಯಿಂದ ಪ್ರತಿದಿನ ಕೊನೆಯ ಬೆಲ್ಲಿನ ನಂತರ, ಹುಂಚದ ಕಡೆಯ ಬಸ್ಸು ಬರುವ ತನಕ, ಮುಕ್ಕಾಲು ಗಂಟೆ ಲ್ಯಾಬ್ ತೆರೆದಿಟ್ಟಿದ್ದಾನೆ. ಬಾಗಿಲ ಬಳಿ ಸ್ಟೂಲಿನ ಮೇಲೆ ಹಾಜರಿ ಪುಸ್ತಕ ಇಟ್ಟಿದ್ದಾನೆ. ಹನ್ನೆರಡು ಹುಡುಗರು, ಹದಿನಾಲ್ಕು ಹುಡುಗಿಯರು ಹೆಸರು ಕೊಟ್ಟವರು. ಮೊದಮೊದಲು ಹುಡುಗಿಯರದೇ ಉತ್ಸಾಹ. ಆಮೇಲೆ ಇವತ್ತು ಇವಳಿಲ್ಲ, ನಾಳೆ ಅವಳಿಲ್ಲ. ಹಗಲೆಲ್ಲ ತರಗತಿಯಲ್ಲಿ ಕೂತಿರುತ್ತಾರೆ, ಸಂಜೆ ಲ್ಯಾಬಿಗೆ ಮಾತ್ರ ಬರುವುದಿಲ್ಲ. ಕೇಳಿದರೆ ನೆಲ ನೋಡುತ್ತಾರೆ. “ಆಸಕ್ತಿ ಬೇಕು ಮಕ್ಕಳೇ, ಆಸಕ್ತಿ” ಎಂದು ಅವನು ಎಷ್ಟು ಸಲ ಹೇಳಿಲ್ಲ! ಆ ಲ್ಯಾಬಿಗಾಗಿ ಅವನು ಪಟ್ಟ ಪಾಡೂ ಕಡಿಮೆಯಲ್ಲ. ಐವತ್ತಮೂರನೇ ವಯಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ, ಮಗಳ ವಯಸ್ಸಿನ ತರಬೇತುದಾರಳ ಮುಂದೆ ಕೊನೆಯ ಬೆಂಚಿನಲ್ಲಿ ಕೂತು ಪೈಥಾನ್ ಕೋಡಿಂಗ್ ಕಲಿತು ಬಂದವನು. ಅಲ್ಲಿ ಅವನ ಪರದೆಯ ತುಂಬ ತಪ್ಪು ತೋರಿಸುವ ಕೆಂಪು ಅಕ್ಷರ ಬಂದಾಗ ಪಕ್ಕದ ಎಳೆಯ ಮೇಷ್ಟರು ಬಾಯಿಗೆ ಕರವಸ್ತ್ರ ಒತ್ತಿಕೊಂಡದ್ದು ಇನ್ನೂ ನೆನಪಿದೆ. ಹಳೆಯ ವಿದ್ಯಾರ್ಥಿಗಳನ್ನು ಕಾಡಿ ಬೇಡಿ ಹನ್ನೆರಡು ಕಂಪ್ಯೂಟರು ತರಿಸಿದ. ಉದ್ಘಾಟನೆಯ ದಿನ ಸುಬ್ಬರಾಯ ಭಟ್ಟರಿಂದ ಪೂಜೆ ಮಾಡಿಸಿ, ಗೋಡೆಗೆ ಸರಸ್ವತಿಯ ಫೋಟೋ ಹಾಕಿಸಿ, ಊರವರ ಎದುರು ಭಾಷಣ ಮಾಡಿದ. “ಇದು ಕೋಣೆಯಲ್ಲ ಮಕ್ಕಳೇ, ದೇವಸ್ಥಾನ. ದೇವಸ್ಥಾನಕ್ಕೆ ಹೇಗೆ ಬರುತ್ತೀರೋ ಹಾಗೆಯೇ ಇಲ್ಲಿಗೆ ಬರಬೇಕು.” ಕೆಸರುಗಾಲು, ಚಪ್ಪಲಿ, ಕುರುಕಲು ತಿಂಡಿಯ ಪೊಟ್ಟಣ, ಇವೇ ಅವನ ಮನಸ್ಸಿನಲ್ಲಿದ್ದದ್ದು. ಜೋರು ಚಪ್ಪಾಳೆ ಬಿದ್ದಿತ್ತು. ಆ ವಾಕ್ಯವನ್ನೂ ಅವನು ಬಹಳ ದಿನ ಒಳಗೊಳಗೇ ಚಪ್ಪರಿಸಿದ್ದ.

ಎರಡೂವರೆಗೆ ಅವನಿಗೆ ಪೀರಿಯಡ್ ಇರಲಿಲ್ಲ. ಫಾರಮ್ಮಿನ ಜೊತೆ ವಿದ್ಯಾರ್ಥಿ ಬರೆದ ಒಂದು ಪ್ರೋಗ್ರಾಮನ್ನೂ ಲಗತ್ತಿಸಬೇಕು. ಬೀಗ ತೆಗೆದು ಲ್ಯಾಬಿಗೆ ಹೋದ. ಫೆಬ್ರವರಿಯ ಬಿಸಿಲು ಕಿಟಕಿಯಿಂದ ಬಂದು ಕೀಬೋರ್ಡುಗಳ ಮೇಲೆ ಬಿದ್ದಿತ್ತು. ಆತ್ರೇಯನ ಪ್ರೋಗ್ರಾಮು ಒಂದು ರಸಪ್ರಶ್ನೆ. ಕರ್ನಾಟಕದ ರಾಜಧಾನಿ ಯಾವುದು ಎಂದು ಕೇಳಿ, ತಪ್ಪು ಉತ್ತರ ಕೊಟ್ಟರೆ ಅಯ್ಯೋ ಎನ್ನುತ್ತಿತ್ತು. ಪರವಾಗಿಲ್ಲ. ಅಷ್ಟಕ್ಕೆ ಮುಚ್ಚಿ ಏಳಬಹುದಿತ್ತು. ಆದರೆ ಬೆಳಗಿನ ಆ ನಾರು ಇನ್ನೂ ಅಲ್ಲೇ ಇತ್ತು. ಅವನ ಕೈ ಪಕ್ಕದಲ್ಲಿದ್ದ ‘ಭಾವನಾ’ ಎಂಬ ಫೋಲ್ಡರನ್ನು ತೆರೆಯಿತು. ಭಾವನಾ ಎಂದರೆ ಹುಂಚದ ಬಸ್‌ಸ್ಟ್ಯಾಂಡಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿರುವ ವಾಸಪ್ಪನ ಮಗಳು. ಒಂಬತ್ತನೇ ತರಗತಿ, ಎರಡು ಜಡೆ, ಮಾತು ಕಡಿಮೆ. ಒಳಗೆ ಒಂದೇ ಒಂದು ಪ್ರೋಗ್ರಾಮಿತ್ತು, ಅರವತ್ತು ಸಾಲಿನದು. ಓದುತ್ತಾ ಹೋದ. ಓದುತ್ತಾ ಹೋದಂತೆ ಬೆನ್ನು ತಾನಾಗಿ ನೆಟ್ಟಗಾಯಿತು. ಒಂದು ಸಾಲೂ ದಂಡಕ್ಕಿರಲಿಲ್ಲ. ತಾನು ಹದಿನೈದು ಸಾಲಿನಲ್ಲಿ ಒದ್ದಾಡಿ ಬರೆಯುವುದನ್ನು ಅವಳು ನಾಲ್ಕು ಸಾಲಿನಲ್ಲಿ ಮುಗಿಸಿದ್ದಳು, ಅದೂ ಓದಿದವರಿಗೆ ತಿಳಿಯುವಂತೆ. ಪ್ರಮೇಯವೊಂದರ ಒಳ್ಳೆಯ ಸಾಧನೆಯನ್ನು ಹಲಗೆಯ ಮೇಲೆ ಕೊನೆಯ ಸಾಲಿಗೆ ತಂದಾಗ ಆಗುವ ಸುಖ ಅವನಿಗೆ ಈಗ ಇನ್ನೊಬ್ಬರ ಕೆಲಸದಿಂದ ಆಗುತ್ತಿತ್ತು. ಈ ಹುಡುಗಿಗೆ ಇದನ್ನು ಯಾರು ಕಲಿಸಿದರು? ತಾನಂತೂ ಅಲ್ಲ, ತನಗೇ ಇಷ್ಟು ಬರುವುದಿಲ್ಲ. ಅದನ್ನು ಒಪ್ಪಿಕೊಳ್ಳಲು ಕಷ್ಟವಾಗಲಿಲ್ಲ, ಖುಷಿಯೇ ಆಯಿತು.

ಪ್ರೋಗ್ರಾಮನ್ನು ಓಡಿಸಿದ. ಪರದೆಯ ಮೇಲೆ ಇಪ್ಪತ್ತಾರು ಸಾಲುಗಳು ಮೂಡಿದವು. ಹೆಸರುಗಳಿರಲಿಲ್ಲ. ಹುಡುಗ ಒಂದು, ಹುಡುಗ ಎರಡು. ಹುಡುಗಿ ಒಂದು, ಹುಡುಗಿ ಎರಡು. ಪ್ರತಿಯೊಂದರ ಎದುರಿಗೂ ಜುಲೈಯಿಂದ ಜನವರಿಯ ತನಕದ ದಿನಗಳು. ಬಂದ ದಿನಕ್ಕೆ ಚುಕ್ಕೆ, ಬಾರದ ದಿನಕ್ಕೆ ಖಾಲಿ ಜಾಗ, ರಜೆಗೆ ಅಡ್ಡಗೆರೆ. ಬಾಗಿಲ ಬಳಿಯ ಹಾಜರಿ ಪುಸ್ತಕವನ್ನು ಅವಳು ಪೂರ್ತಿ ಟೈಪು ಮಾಡಿದ್ದಳು! ಹುಡುಗರ ಸಾಲುಗಳಲ್ಲಿ ಖಾಲಿ ಜಾಗ ಅಲ್ಲೊಂದು ಇಲ್ಲೊಂದು, ಲೆಕ್ಕಕ್ಕೆ ಸಿಗದ ಹಾಗೆ. ಹುಡುಗಿಯರ ಸಾಲುಗಳಲ್ಲಿ ಮೂರು ಮೂರು ಖಾಲಿ ಜಾಗ ಒಟ್ಟಿಗೆ, ಆಮೇಲೆ ಚುಕ್ಕೆಗಳ ಉದ್ದ ಸಾಲು, ಮತ್ತೆ ಮೂರು. ಆವರ್ತನೆ! ನಾರಾಯಣಮೂರ್ತಿ ಪೆನ್ಸಿಲು ತೆಗೆದುಕೊಂಡು ಎಣಿಸಿದ. ಇಪ್ಪತ್ತೆಂಟು, ಮೂವತ್ತು, ಇಪ್ಪತ್ತೇಳು, ಇಪ್ಪತ್ತೊಂಬತ್ತು. ಎಷ್ಟು ಚಂದದ ಆವರ್ತನೆ! ಏನಿರಬಹುದು? ಸಂತೆಯಾದರೆ ವಾರಕ್ಕೊಮ್ಮೆ. ಸಂಕಷ್ಟಿಯಾದರೆ ಎಲ್ಲರಿಗೂ ಒಂದೇ ದಿನ ಬರಬೇಕಿತ್ತು. ಇದು ಒಬ್ಬೊಬ್ಬಳಿಗೆ ಒಂದೊಂದು ದಿನ, ಆದರೆ ಪ್ರತಿಯೊಬ್ಬಳಿಗೂ ತಿಂಗಳಿಗೊಮ್ಮೆ. ತಿಂಗಳಿಗೊಮ್ಮೆ, ಮೂರು ದಿನ. ಪೆನ್ಸಿಲು ಕಾಗದದ ಮೇಲೆ ಹಾಗೆಯೇ ನಿಂತಿತು. ಮುಖ ಬಿಸಿಯಾಗಿ ಕಿವಿಯ ತನಕ ಹತ್ತಿಕೊಂಡಿತು. ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ಯಾರಾದರೂ ನೋಡಿದರೇನೋ ಎಂದು ತಿರುಗಿದ. ಗೋಡೆಯ ಮೇಲೆ ಸರಸ್ವತಿ ವೀಣೆ ಹಿಡಿದು ಕೂತಿದ್ದಳು. ದೇವಸ್ಥಾನಕ್ಕೆ ಹೇಗೆ ಬರುತ್ತೀರೋ ಹಾಗೆಯೇ. ಹದಿನಾಲ್ಕು ಹುಡುಗಿಯರು ಮೇಷ್ಟರ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ಕೋಡಿನ ಕೊನೆಗೆ ಒಂದು ಸಾಲಿತ್ತು, ಮೊದಲ ಓದಿನಲ್ಲಿ ಅವನು ಗಮನಿಸದೆ ದಾಟಿದ್ದು. ಹ್ಯಾಶ್ ಗುರುತು ಹಾಕಿ ಬರೆದ ಸಾಲನ್ನು ಯಂತ್ರ ಓದುವುದಿಲ್ಲ, ಅದು ನಮ್ಮ ನಂತರ ಬಂದು ಓದುವ ಮನುಷ್ಯರಿಗೆ ಎಂದು ಕಲಿಸಿದವನು ಅವನೇ. ಭಾವನಾ ಹ್ಯಾಶ್ ಹಾಕಿ ಕನ್ನಡದಲ್ಲಿ ಬರೆದಿದ್ದಳು: ‘ಖಾಲಿ ಜಾಗ ಅಂದರೆ ಗೈರುಹಾಜರಿ ಅಲ್ಲ. ಕಿಟಕಿಯ ಹತ್ತಿರ ನೋಡಿ.’

ಕಿಟಕಿ. ಅವನಿಗೆ ಒಮ್ಮೆಲೇ ಎಲ್ಲ ನೆನಪಾಯಿತು. ಜಗುಲಿಯ ಕಡೆಯ ಆ ಕಿಟಕಿಯ ಸರಳು ಹಿಡಿದು ಅವಳು ಹೊರಗೆ ನಿಂತಿರುತ್ತಿದ್ದಳು. ಒಳಗೆ ಅವಳ ಗೆಳತಿ ಸಮೀಕ್ಷಾ ಕಂಪ್ಯೂಟರಿನ ಮುಂದೆ. ಇಬ್ಬರದೂ ಗುಸುಗುಸು. ಎಷ್ಟೋ ಸಲ ಗದರಿದ್ದಾನೆ. ಡಿಸೆಂಬರಿನಲ್ಲಂತೂ ಎಲ್ಲರ ಎದುರಿಗೇ ಅಂದುಬಿಟ್ಟಿದ್ದ: “ಒಳಗೆ ಬರೋ ಆಸಕ್ತಿ ಇಲ್ಲ ಅಂದ್ರೆ ಮನೆಗೆ ಹೋಗು ಮಾರಾಯ್ತಿ. ಇಲ್ಲಿ ನಿಂತ್ಕಂಡು ಓದೋರ ತಲೆ ಎಂತಕ್ಕೆ ಹಾಳು ಮಾಡ್ತೀಯ?” ಹುಡುಗರು ನಕ್ಕಿದ್ದರು. ಅವಳು ಸರಳು ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದಳು, ಮನೆಗೆ ಹೋಗಿರಲಿಲ್ಲ. ಐವತ್ತನಾಲ್ಕು ವಯಸ್ಸಿನ ಗಂಡಸು ಮೇಷ್ಟರಿಗೆ ಅವಳು ಏನೆಂದು ಉತ್ತರ ಕೊಡಬೇಕಿತ್ತು? ಅವನಿಗೆ ನಾಚಿಕೆಯಾಯಿತು. ತಪ್ಪು ಮಾಡಿದ ನಾಚಿಕೆಗಿಂತ, ಎಂಟು ತಿಂಗಳು ಕಣ್ಣೆದುರಿಗೇ ಇದ್ದದ್ದು ಕಾಣಲಿಲ್ಲವಲ್ಲ ಎಂಬ ನಾಚಿಕೆ. ಗೋಡೆಗೊರಗಿ ಹೆಂಡತಿಗೆ ಫೋನು ಮಾಡಿದ. ಹೇಗೆ ಕೇಳುವುದೆಂದು ತಿಳಿಯದೆ ತಡವರಿಸುತ್ತಾ, ಲ್ಯಾಬಿಗೆ ಹುಡುಗಿಯರು ಆ ಮೂರು ದಿನ ಬರುತ್ತಿರಲಿಲ್ಲವಂತೆ, ನಿನಗೆ ಗೊತ್ತಿತ್ತಾ ಎಂದು ಕೇಳಿದ.

“ಮತ್ತೆ?” ಎಂದಳು ವಿನಯಾ. “ನಿಮ್ಮ ಭಾಷಣ ಕೇಳಿದ ದಿನವೇ ಅಂದ್ಕಂಡೆ. ದೇವಸ್ಥಾನ ಅಂದ್ರೆ ಹುಡುಗೀರು ಇನ್ನೆಂತ ಮಾಡ್ತಾವೆ?”

“ಮತ್ತೆ ಹೇಳ್ಲಿಲ್ಲ ಎಂತಕ್ಕೆ?”

“ಹೇಳಾಣ ಅಂತಿದ್ದೆ. ಅವತ್ತು ರಾತ್ರಿ ಊಟಕ್ಕೆ ಕೂತಾಗ ಆ ಮಾತನ್ನೇ ಎರಡು ಸಲ ಹೇಳ್ಕಂಡು ಖುಷಿ ಪಟ್ರಿ. ನಂಗೆ ಬಾಯಿ ಬರ್ಲಿಲ್ಲ. ನಮ್ಮನೇಲಿ ಅದೆಲ್ಲ ಬಿಟ್ಟು ಇಪ್ಪತ್ತು ವರ್ಷ ಆಯ್ತಲ್ಲ. ನಿಮಗೆ ಮರ್ತೇ ಹೋಗಿತ್ತು ಅನ್ಸುತ್ತೆ.”

ಮರೆತಿರಲಿಲ್ಲ. ಮರೆಯುವುದು ಹೇಗೆ? ತೀರ್ಥಹಳ್ಳಿಯ ಮನೆಯಲ್ಲಿ ಅಮ್ಮ, ಮೀನಾಕ್ಷಮ್ಮ, ತಿಂಗಳಿಗೆ ಮೂರು ದಿನ ಹಿತ್ತಿಲ ಜಗುಲಿಯಲ್ಲಿ ಕೂತಿರುತ್ತಿದ್ದಳು. ಒಲೆ ಇಲ್ಲ, ಬಾವಿ ಇಲ್ಲ, ಕೈಗೆ ಕೆಲಸವಿಲ್ಲ. ಅವನು ಒಳಗಿನ ಕಿಟಕಿಯ ಕೆಳಗೆ ಸ್ಲೇಟು ಹಿಡಿದು ಕೂರುತ್ತಿದ್ದ. ಹೊರಗಿಂದ ಅಮ್ಮನ ದನಿ ಬರುತ್ತಿತ್ತು, ಹದಿನೇಳೆಂಟ್ಲಿ? ಅವನು ಬೆರಳು ಮಡಚುತ್ತಾ ಕೂತರೆ, ಬೆರಳು ಬಿಡು, ತಲೇಲಿ ಇಟ್ಕ ಎನ್ನುತ್ತಿದ್ದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಇಪ್ಪತ್ತೈದರ ಮಗ್ಗಿಯ ತನಕ ಅವಳಿಗೆ ಬಾಯಿಪಾಠ. ಕಾಗದ ಮುಟ್ಟುವ ಹಾಗಿಲ್ಲವಾದ್ದರಿಂದ ಎಲ್ಲವೂ ತಲೆಯಲ್ಲೇ. ಮಗ ಗಣಿತದಲ್ಲಿ ಜಿಲ್ಲೆಗೆ ಎರಡನೆಯವನಾದಾಗ ಊರವರು ಅಪ್ಪನನ್ನು ಹೊಗಳಿದರು. ಆಗಲೂ ಅಮ್ಮ ಹೊರಗೆ ಕೂತಿದ್ದಳೋ ಒಳಗಿದ್ದಳೋ ಅವನಿಗೆ ನೆನಪಿಲ್ಲ. ಫೋನು ಮತ್ತೆ ಹೊಡೆದುಕೊಂಡಾಗ ವಿನಯಾಳೇ ಎಂದುಕೊಂಡ. ಹೊಸನಗರದ ಕಚೇರಿಯ ಶ್ರೀನಾಥ್. “ಎಂತ ಮೇಷ್ಟ್ರೇ, ನಿಮ್ದೊಂದೇ ಬಾಕಿ ಮಾರಾಯ್ರೆ. ಐದು ಗಂಟೆ ಅಂದ್ರೆ ಐದು ಗಂಟೆ.” ಹಾಜರಾತಿ ಎಷ್ಟಿರಬೇಕು ಎಂದು ನಾರಾಯಣಮೂರ್ತಿ ಕೇಳಿದ. “ಎಂಬತ್ತೈದು. ಕಮ್ಮಿ ಇದ್ರೆ ಕಾರಣ ಬರ್ದು ಮುಖ್ಯೋಪಾಧ್ಯಾಯರು ದೃಢೀಕರಿಸಿ ಸಹಿ ಹಾಕ್ಬೇಕು. ನೀವೇ ಅಲ್ವಾ ಅಲ್ಲಿ ಎಲ್ಲಾ? ಹಾಕಿ ಕಳ್ಸಿ.” ಭಾವನಾಳದು ನೂರ ನಲವತ್ತು ದಿನಕ್ಕೆ ನೂರ ಹದಿನಾರು. ಎಂಬತ್ತಮೂರಕ್ಕೆ ನಿಂತಿತ್ತು.

ನಾಲ್ಕೂ ಇಪ್ಪತ್ತಕ್ಕೆ ಬೆಲ್ಲು ಹೊಡೆಯಿತು. ಮಕ್ಕಳು ಚಪ್ಪಲಿ ಕಳಚಿ, ಪುಸ್ತಕದಲ್ಲಿ ಸಹಿ ಹಾಕಿ ಒಳಗೆ ಬಂದರು. ಅವನು ಬಾಗಿಲ ಪಕ್ಕದ ಬೀರುವಿನ ಮರೆಯಲ್ಲಿ ನಿಂತ, ಕದ್ದು ನಿಂತ ಹಾಗೆಯೇ. ಸಮೀಕ್ಷಾ ಕಿಟಕಿಯ ಬಳಿಯ ಕಂಪ್ಯೂಟರಿಗೆ ಕೂತಳು. ಹೊರಗೆ ಎರಡು ಜಡೆಗಳು ಕಂಡವು. ಭಾವನಾ ಇವತ್ತೂ ಹೊರಗಿದ್ದಳು. ಹಿಂದಿನ ಮೆಟ್ಟಿಲ ಮೇಲೆ ಇನ್ನೂ ಇಬ್ಬರು ಹುಡುಗಿಯರು ಬ್ಯಾಗು ತಬ್ಬಿಕೊಂಡು ಬಸ್ಸಿಗೆ ಕಾಯುವವರಂತೆ ಕೂತಿದ್ದರು. ಕಿಟಕಿಯಿಂದ ಭಾವನಾಳ ತಗ್ಗಿದ ದನಿ ಬರತೊಡಗಿತು. “ಫಾರ್ ಬರಿ. ಕೊನೆಗೆ ಕೋಲನ್. ಎಂಟರ್. ನಾಲ್ಕು ಜಾಗ ಬಿಡು. ಅಲ್ಲಲ್ಲ, ಅದು ಹೊರಗಿನ ಸಾಲು, ಇದು ಅದರೊಳಗೆ ಬರ್ಬೇಕು. ಒಂಬತ್ತನೇ ಸಾಲಲ್ಲಿ ಎಣಿಕೆ ಅಂತ ಹೆಸ್ರು ಇಟ್ಟಿದ್ವಲ್ಲ, ಅದನ್ನೇ ಹಾಕು.” ಅವಳ ಕಣ್ಣು ಮುಚ್ಚಿತ್ತು. ಪರದೆ ಅವಳಿಗೆ ಕಾಣುವಂತಿರಲಿಲ್ಲ; ಬಿಸಿಲಿಗೆ ಗಾಜು ಹೊಳೆಯುತ್ತಿತ್ತು. ಪ್ರೋಗ್ರಾಮು ಪೂರ್ತಿ, ಎಷ್ಟನೇ ಸಾಲಿನಲ್ಲಿ ಏನಿದೆ ಎನ್ನುವುದರ ಸಮೇತ, ಅವಳ ತಲೆಯಲ್ಲಿತ್ತು. ಅವಳ ಕೋಡಿನಲ್ಲಿ ದಂಡದ ಸಾಲು ಯಾಕಿಲ್ಲ ಎಂದು ಅವನಿಗೆ ಈಗ ಗೊತ್ತಾಯಿತು. ಬಾಯಲ್ಲಿ ಹೇಳಿ ಇನ್ನೊಬ್ಬರಿಂದ ಬರೆಸುವವರು ಒಂದು ಸಾಲನ್ನೂ ಸುಮ್ಮನೆ ಖರ್ಚು ಮಾಡುವುದಿಲ್ಲ. ಇಷ್ಟು ದೊಡ್ಡ ಬುದ್ಧಿಯೊಂದು ತನ್ನ ಶಾಲೆಯ ಜಗುಲಿಯಲ್ಲಿ ಬಿಸಿಲಿಗೆ ನಿಂತಿದೆಯಲ್ಲ ಎನ್ನಿಸಿತು. ಹೆಮ್ಮೆಯೋ ದುಃಖವೋ, ಎರಡೂ ಇತ್ತು.

“ಸಮೀಕ್ಷಾ, ಸ್ವಲ್ಪ ಏಳು. ನಾನು ಕೂರ್ತೀನಿ” ಎಂದು ಮುಂದೆ ಬಂದ. ಅವನನ್ನು ಕಂಡದ್ದೇ ಭಾವನಾ ಸರಳು ಬಿಟ್ಟಳು, ಹಿಂದೆ ಸರಿದಳು.

“ಎಲ್ಲಿಗೆ ಹೊರಟೆ? ಹೇಳು, ನಾನು ಟೈಪ್ ಮಾಡ್ತೀನಿ.”

ಅವಳು ನಂಬಲಿಲ್ಲ. ಇದೂ ಬೈಗುಳದ ಒಂದು ವರಸೆ ಇರಬೇಕೆಂದು ಸಮೀಕ್ಷಾಳ ಮುಖ ನೋಡಿದಳು. ಅವನು ಕೀಬೋರ್ಡಿನ ಮೇಲೆ ಎರಡು ಬೆರಳಿಟ್ಟು ಕಾದ. ಕೊನೆಗೆ ಅವಳು ಮೆಲ್ಲಗೆ, “ಇಫ್ ಸರ್” ಎಂದಳು. ಬರೆದ. ಅವಳು ಹೇಳುತ್ತಾ ಹೋದಳು, ಇವನು ಅಕ್ಷರ ಹುಡುಕುತ್ತಾ ಹೋದ. ದನಿ ಹೊರಗಿಂದ ಬರುತ್ತಿತ್ತು, ಇವನು ಒಳಗೆ ಕಿಟಕಿಯ ಕೆಳಗೆ ಕೂತಿದ್ದ. ನಾಲ್ಕೂವರೆ ದಶಕದ ಹಿಂದಿನ ಸ್ಲೇಟಿನ ತಣುಪು ತೊಡೆಗೆ ತಾಗಿದ ಹಾಗಾಯಿತು. ಓಡಿಸಿದ. ಪರದೆ ಕೆಂಪಾಯಿತು. ಹಿಂದೆ ಯಾರೋ ಕಿಸಕ್ಕೆಂದರು.

“ಎಂತ ಬಂತು ಸರ್?”

“ಕೆಂಪು ಬಂತು.”

“ಎಷ್ಟನೇ ಸಾಲು ಅಂತಿದೆ ಸರ್?”

“ಹನ್ನೊಂದು. ನಂಗೆ ತಪ್ಪು ಕಾಣ್ತಿಲ್ಲ ಭಾವನಾ. ನೀನೇ ಬಂದು ನೋಡು.”

ಅವಳು ತಲೆ ತಗ್ಗಿಸಿದಳು. “ನಾಳಿದ್ದು ಬರ್ತೀನಿ ಸರ್.”

ಹುಡುಗಿಯರೆಲ್ಲ ಒಟ್ಟಿಗೆ ಕೀಬೋರ್ಡು ನೋಡತೊಡಗಿದರು. ನಾರಾಯಣಮೂರ್ತಿ ಎದ್ದು ನಿಂತ. ಕಾರಣ ಹೇಳಿದರೆ ಹುಡುಗರ ಎದುರು ಇವರನ್ನು ನಾಚಿಸಿದ ಹಾಗಾಗುತ್ತದೆ. ಹೇಳದಿದ್ದರೆ ನಾಳೆಯೂ ಇದೇ. ಗೋಡೆಯ ಫೋಟೋ ಇಳಿಸಿಬಿಡಲೇ ಎಂದು ಒಮ್ಮೆ ಕೈ ಮೇಲೆ ಹೋಯಿತು. ಆದರೆ ಸರಸ್ವತಿಯ ತಪ್ಪೇನು? ಅವಳು ಯಾರನ್ನೂ ಹೊರಗೆ ನಿಲ್ಲಿಸಿದವಳಲ್ಲ. ನಿಲ್ಲಿಸಿದವನು ತಾನು, ತನ್ನ ಚಂದದ ಮಾತು. ಮಾತನ್ನೇ ವಾಪಸು ತೆಗೆದುಕೊಳ್ಳಬೇಕು, ಚಪ್ಪಾಳೆ ಬಿದ್ದ ಜಾಗದಲ್ಲೇ ನಿಂತು. “ಜುಲೈಯಲ್ಲಿ ನಾನೊಂದು ಮಾತು ಹೇಳಿದ್ದೆ” ಎಂದ. “ದೇವಸ್ಥಾನ ಅಂತ. ಅದು... ಅದು ನಾನು ಹೇಳಿದ್ದು ತಪ್ಪು. ಚಪ್ಪಲಿ ಹೊರಗೆ ಬಿಡಿ ಅಂತ ಅಷ್ಟೇ ನಾನು... ಆದ್ರೆ ಮಾತು ತಪ್ಪು. ಇದು ಕ್ಲಾಸ್ ರೂಮು. ಹಗಲು ನೀವು ಕೂರ್ತೀರಲ್ಲ, ಆ ಥರದ್ದೇ. ಎಲ್ಲರಿಗೂ. ಎಲ್ಲಾ ದಿನವೂ. ತಿಂಗಳಲ್ಲಿ ಒಂದು ದಿನವೂ ಬಿಡದ ಹಾಗೆ, ಎಲ್ಲಾ ದಿನವೂ.” ವಾಕ್ಯ ಸರಿಯಾಗಿ ಬರಲೇ ಇಲ್ಲ; ಎಲ್ಲೆಂದರಲ್ಲಿ ತುಂಡಾಯಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು, ಅವರಿಗೆ ತಿಳಿಯಲಿಲ್ಲ. ಹುಡುಗಿಯರಿಗೆ ತಿಳಿಯಿತು. ಸಮೀಕ್ಷಾ ಸೀದಾ ಅವನ ಮುಖವನ್ನೇ ನೋಡಿದಳು, ಎಂಟು ತಿಂಗಳಲ್ಲಿ ಮೊದಲ ಸಲ.

ಆಮೇಲೆ ಬಾಗಿಲ ಬಳಿ ಚಪ್ಪಲಿ ಕಳಚಿದ ಸದ್ದಾಯಿತು. ಭಾವನಾ ಹೊಸ್ತಿಲ ಬಳಿ ನಿಂತು ಗೋಡೆಯ ಕಡೆ ಒಮ್ಮೆ ನೋಡಿದಳು, ಬಲಗಾಲಿಟ್ಟು ಒಳಗೆ ಬಂದಳು. ಅವಳ ಹಿಂದೆ ಮೆಟ್ಟಿಲ ಮೇಲಿನ ಇಬ್ಬರೂ ಬ್ಯಾಗು ತಬ್ಬಿಕೊಂಡೇ ಬಂದರು. ಭಾವನಾ ಕುರ್ಚಿಯಲ್ಲಿ ಕೂರಲಿಲ್ಲ. ಬಗ್ಗಿ ಪರದೆ ನೋಡಿ, “ಇಲ್ಲಿ ಜಾಗ ಮೂರೇ ಬಿಟ್ಟಿದೀರ ಸರ್” ಎಂದು ಒಂದು ಗುಂಡಿ ಒತ್ತಿದಳು. ಕೆಂಪು ಹೋಯಿತು.

ನಾಲ್ಕೂ ಮುಕ್ಕಾಲಿಗೆ ಅವನು ಬೆಳಗಿನ ಫಾರಮ್ಮನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಹೊಸದೊಂದನ್ನು ಲ್ಯಾಬಿನ ಮೇಜಿನ ಮೇಲೆಯೇ ತುಂಬಿದ. ಹೆಸರು, ತಂದೆಯ ಹೆಸರು, ಹಾಜರಾತಿ ಎಂಬತ್ತಮೂರು. ಷರಾ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು. ದೃಢೀಕರಿಸಬೇಕೆಂದರೆ ಸಾಕ್ಷಿ ಬೇಕು. ಅವಳು ಅಲ್ಲಿದ್ದಳು ಎನ್ನುವುದಕ್ಕೆ ಈ ಶಾಲೆಯಲ್ಲಿ ತನಗಿಂತ ದೊಡ್ಡ ಸಾಕ್ಷಿ ಯಾರು? ತಾನೇ ನೋಡಿದ್ದಾನೆ, ತಾನೇ ಬೈದಿದ್ದಾನೆ. ಬರೆದ: ‘ಉಳಿದ ಇಪ್ಪತ್ತನಾಲ್ಕು ದಿನ ಈ ವಿದ್ಯಾರ್ಥಿನಿ ಕಿಟಕಿಯ ಹೊರಗೆ ಹಾಜರಿದ್ದಳು. ನಾನು ಕಂಡಿದ್ದೇನೆ. ಒಳಗೆ ಬಾರದಂತೆ ಆದದ್ದು ನನ್ನ ತಪ್ಪಿನಿಂದ.’ ಕೆಳಗೆ ಸಹಿ ಹಾಕಿ, ಮುಖ್ಯೋಪಾಧ್ಯಾಯರ ಮೊಹರು ಒತ್ತಿದ. ಬೆಳಗಿನ ವಾಕ್ಯದ ಗತ್ತು ಇದಕ್ಕಿರಲಿಲ್ಲ. ಭಾವನಾಳನ್ನು ಕರೆದು, ಶಿಬಿರದ ವಿಷಯ ಹೇಳಿ, “ಕಳ್ಸೋಕೆ ಮುಂಚೆ ನೀನೊಂದು ಸಲ ಓದಿ ನೋಡು. ಬೇಡ ಅನ್ಸಿದ್ರೆ ಬೇರೆ ಬರೀತೀನಿ” ಎಂದ.

ಅವಳು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು. ಒಂದು ಸಲ ಓದಿ ಮತ್ತೊಂದು ಸಲ ಓದಿದಳು. ಅವನು ಕಿಟಕಿಯ ಕಡೆ ತಿರುಗಿದ. ಏನೋ ಹೇಳುತ್ತಾಳೆ ಎಂದು ಕಾದ. ಒಂದು ಥ್ಯಾಂಕ್ಸು, ಅಥವಾ ಸುಮ್ಮನೆ ಒಂದು ಅಳು. ಅದನ್ನು ಹೇಗೆ ತಡೆದುಕೊಳ್ಳುವುದೆಂದು ಹೆದರಿಯೂ ಇದ್ದ.

“ಸರ್, ಇಪ್ಪತ್ನಾಲ್ಕು ತಪ್ಪು” ಎಂದಳು ಭಾವನಾ. “ಅಪ್ಪಂಗೆ ಜ್ವರ ಬಂದಾಗ ಎರಡು ದಿನ ನಾನು ಅಂಗಡೀಲಿ ಕೂತಿದ್ದೆ. ಕಿಟಕಿ ಹತ್ರಾನೂ ಇರ್ಲಿಲ್ಲ. ಇಪ್ಪತ್ತೆರಡು ಅಂತ ಮಾಡಿ.”

ನಾರಾಯಣಮೂರ್ತಿ ಪೆನ್ನು ತೆಗೆದ. ತಾನು ಸಹಿ ಹಾಕಿದ ಸಂಖ್ಯೆಯನ್ನು ಹೊಡೆದು ಹಾಕಿ, ಮೇಲೆ ಇಪ್ಪತ್ತೆರಡು ಎಂದು ಬರೆದು, ಪಕ್ಕದಲ್ಲಿ ಇನ್ನೊಂದು ಸಹಿ ಮಾಡಿ ಅವಳ ಕೈಗೆ ಕೊಟ್ಟ. ಅವಳು ಬೆರಳಿಟ್ಟು, ಸಾಲು ಸಾಲಾಗಿ, ಮೊದಲಿನಿಂದ ಕೊನೆಯ ತನಕ ಓದಿದಳು.

“ಈ‌ಗ ಸರಿ ಇದೆ ಸರ್” ಎಂದಳು.